ಎಷ್ಟರಾಗ ಎಷ್ಟು?

ಬ್ಯಾಡಗಿ ಮೆಣಸಿನಕಾಯಿ ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯ ದಿನಗಳಲ್ಲಿ ಟೆಂಡರ್ ಮುಗಿದ ಸಂಜೆ ಒಂದು ಸುದ್ದಿ ರಾಣೇಬೆನ್ನೂರು ದಾಟಿ, ಮೇಡ್ಲೇರಿ ದಾಟಿ, ತುಂಗಭದ್ರೆಯ ದಂಡೆಯ ಊರುಗಳವರೆಗೆ ಮೊಬೈಲಿನಲ್ಲಿ ಓಡುತ್ತದೆ: ಇವತ್ತು ಡಬ್ಬಿ ಮೆಣಸಿನಕಾಯಿಗೆ ಗರಿಷ್ಠ ಇಷ್ಟು ಸಾವಿರ. ನೋಡಿದವರು ಮನಸ್ಸಿನಲ್ಲೇ ತಮ್ಮ ಮನೆಯ ಚೀಲಗಳನ್ನು ಆ ದರದಿಂದ ಗುಣಿಸುತ್ತಾರೆ. ಮಗಳ ಮದುವೆ, ಸೊಸೈಟಿ ಸಾಲ, ಹೊಸ ಬೋರು, ಎಲ್ಲವೂ ಆ ಗುಣಾಕಾರದ ಮೇಲೆ ನಿಲ್ಲುತ್ತವೆ.

ಗರಿಷ್ಠ ದರ ಸುಳ್ಳಲ್ಲ. ಯಾವುದೋ ಒಂದು ಲಾಟಿಗೆ, ಅಂದರೆ ಒಬ್ಬರ ಒಂದು ರಾಶಿಗೆ, ಆ ದರ ನಿಜವಾಗಿಯೂ ಬಿದ್ದಿರುತ್ತದೆ. ಆದರೆ ಅದು ಒಂದು ಲಾಟಿನ ದರ. ಆ ದಿನ ಪೇಟೆಗೆ ಬಂದ ರಾಶಿಯಲ್ಲಿ ಎಷ್ಟು ಲಾಟಿಗೆ ಅದರ ಹತ್ತಿರದ ದರವಾದರೂ ಸಿಕ್ಕಿತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಸಂಖ್ಯಾಶಾಸ್ತ್ರ ಎಂದರೆ ದೊಡ್ಡ ಸೂತ್ರಗಳ ವಿದ್ಯೆ ಎಂದು ಹೆದರುವವರಿಗೆ ನಾನು ಹೇಳುವುದಿಷ್ಟು: ಅದರ ಮೊದಲ ಪಾಠ ನಮ್ಮ ಭಾಗದ ಮಾತಿನಲ್ಲಿ ಒಂದು ಪ್ರಶ್ನೆ. ಎಷ್ಟರಾಗ ಎಷ್ಟು? ಈ ಪ್ರಶ್ನೆಯನ್ನು ಬಿಡದೆ ಕೇಳುವುದನ್ನು ಕಲಿತರೆ ಹೊಲದ, ಮನೆಯ, ಪೇಟೆಯ ಅನೇಕ ನಿರ್ಧಾರಗಳು ಸುಧಾರಿಸುತ್ತವೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ವಿವರಣೆಗಾಗಿ ಕಟ್ಟಿಕೊಂಡವು, ಯಾವ ದಿನದ ಪೇಟೆಯವೂ ಅಲ್ಲ. ಒಂದು ದಲಾಲಿ ಅಂಗಡಿಯ ಮುಂದೆ ಒಂಬತ್ತು ಜನರ ಒಂಬತ್ತು ಲಾಟು ಇವೆ. ಕ್ವಿಂಟಲಿಗೆ ಬಿದ್ದ ದರ, ಸಾವಿರ ರೂಪಾಯಿಗಳಲ್ಲಿ: 11, 12, 12, 13, 14, 15, 16, 17, 52. ಕೂಡಿದರೆ 162. ಒಂಬತ್ತರಿಂದ ಭಾಗಿಸಿದರೆ ಸರಾಸರಿ 18 ಸಾವಿರ. ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 18 ಸಾವಿರವೋ ಅದಕ್ಕಿಂತ ಹೆಚ್ಚೋ ಸಿಕ್ಕಿದ್ದು ಎಷ್ಟು ಜನಕ್ಕೆ? ಒಬ್ಬರಿಗೆ. ಉಳಿದ ಎಂಟೂ ಮಂದಿ ‘ಸರಾಸರಿ’ಗಿಂತ ಕೆಳಗಿದ್ದಾರೆ. ಮನೆಗೆ ಹೋಗಿ ತಮಗೆ ಮಾತ್ರ ಅನ್ಯಾಯವಾಯಿತು ಎಂದು ಎಂಟೂ ಮನೆಯವರು ಬೇರೆ ಬೇರೆಯಾಗಿ ಕೊರಗಬಹುದು.

ದರಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ಹಿಡಿದರೆ ಸಿಗುವುದು 14 ಸಾವಿರ. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ಅರ್ಧ ಜನ ಇದರ ಮೇಲೆ, ಅರ್ಧ ಜನ ಇದರ ಕೆಳಗೆ. ಕೊನೆಯ ಲಾಟು 52ರ ಬದಲು 70 ಸಾವಿರಕ್ಕೆ ಹೋದರೆ ಸರಾಸರಿ 20 ಸಾವಿರಕ್ಕೆ ಜಿಗಿಯುತ್ತದೆ, ಮಧ್ಯಾಂಕ ಅಲ್ಲಾಡುವುದಿಲ್ಲ. ಒಂದೆರಡು ಭಾರಿ ಅಂಕಿಗಳು ಉಳಿದೆಲ್ಲವನ್ನೂ ಎಳೆದುಕೊಂಡು ಹೋಗುವ ಕಡೆಯಲ್ಲೆಲ್ಲ, ಅಂದರೆ ಮೆಣಸಿನಕಾಯಿ ದರ, ಜನರ ಆದಾಯ, ನಿವೇಶನದ ಬೆಲೆ ಇಂಥವುಗಳಲ್ಲಿ, ನನ್ನ ಲಾಟಿಗೆ ಎಷ್ಟು ಸಿಗಬಹುದು ಎಂದು ಅಂದಾಜು ಮಾಡಲು ಮಧ್ಯಾಂಕವೇ ಹೆಚ್ಚು ನಂಬಿಕೆಯ ಅಂಕಿ.

ಎಪಿಎಂಸಿ ವರದಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆಗೆ ‘ಮಾದರಿ ದರ’ ಎಂಬ ಮೂರನೆಯ ಕಾಲಂ ಇರುತ್ತದೆ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ಗಣಿತದ ಪುಸ್ತಕದಲ್ಲಿ ಇದರ ಹೆಸರು ಬಹುಲಕ. ಸುದ್ದಿಯಾಗುವುದು ಗರಿಷ್ಠ, ವರದಿಯ ಈ ಮೂರರಲ್ಲಿ ಮನೆಯ ಲೆಕ್ಕಕ್ಕೆ ಬೇಕಾದದ್ದು ಮಾದರಿ. ಅದನ್ನೂ ತಳಿ ನೋಡಿಯೇ ಓದಬೇಕು. ದಪ್ಪನೆಯ, ಗಾಢ ಕೆಂಪಿನ, ಕಡಿಮೆ ಖಾರದ ಡಬ್ಬಿಗೂ, ಉದ್ದಕ್ಕೆ ಸುಕ್ಕುಗಟ್ಟುವ ಕಡ್ಡಿಗೂ, ಹೊರಗಿನಿಂದ ಬರುವ ಗುಂಟೂರಿಗೂ ಒಂದೇ ಸರಾಸರಿ ತೆಗೆದರೆ ಅದು ಯಾರ ದರವೂ ಅಲ್ಲ.

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ನಡೆದದ್ದು ನೆನಪಿರಬೇಕು. ಹಿಂದಿನ ಪೇಟೆಗಿಂತ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಸಂಖ್ಯಾಶಾಸ್ತ್ರ ಕಲಿತಿದ್ದರೆ ದರ ಏರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಬೆಳೆದವನ ಸಂಕಟ ಲೆಕ್ಕದಿಂದ ಕರಗುವಂಥದ್ದಲ್ಲ. ಆದರೆ ಲಾಟುವಾರು ದರವೆಲ್ಲ ಇ-ಟೆಂಡರಿನ ಕಂಪ್ಯೂಟರಿನಲ್ಲಿ ಕೂತಿರುವಾಗ ರೈತನ ಕೈಗೆ ಮೂರೇ ಅಂಕಿ ತಲುಪುವುದು ಸರಿಯಲ್ಲ. ಪ್ರತಿ ಪೇಟೆಯ ದಿನ ಹತ್ತು ಸಾವಿರದ ಒಳಗೆ ಎಷ್ಟು ಚೀಲ, ಹತ್ತರಿಂದ ಹದಿನೈದರ ನಡುವೆ ಎಷ್ಟು, ಅದರ ಮೇಲೆ ಎಷ್ಟು ಎಂದು ತಳಿವಾರು ಒಂದು ಪಟ್ಟಿ ಗೋಡೆಗೆ ಅಂಟಿಸಿದರೆ, ಎಷ್ಟರಾಗ ಎಷ್ಟು ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಮನಸ್ಸು ಬೇಕು.

ದರ ಏರಲಿ ಎಂದು ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುವವರೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ‘ಆ ವರ್ಷ ಇಟ್ಟವರಿಗೆ ದುಪ್ಪಟ್ಟು ಸಿಕ್ಕಿತು’ ಎಂಬುದು ಒಂದು ವರ್ಷದ ಕಥೆ. ಹಿಂದಿನ ಹತ್ತು ವರ್ಷಗಳಲ್ಲಿ, ಬಾಡಿಗೆ, ಬಡ್ಡಿ, ತೂಕದ ಕಡಿತ ಕಳೆದ ಮೇಲೆ, ಇಟ್ಟದ್ದು ಲಾಭವಾದದ್ದು ಎಷ್ಟು ವರ್ಷ? ನಷ್ಟವಾದ ವರ್ಷಗಳಲ್ಲಿ ನಷ್ಟ ಎಷ್ಟು ದೊಡ್ಡದು, ನನ್ನ ಮನೆ ಅದನ್ನು ತಾಳೀತೇ? ಈ ಕೊನೆಯ ಪ್ರಶ್ನೆ ಮುಖ್ಯ. ಸರಾಸರಿಯಲ್ಲಿ ಲಾಭ ತರುವ ಪಂದ್ಯವೂ ಒಂದೇ ವರ್ಷದ ಹೊಡೆತಕ್ಕೆ ಹೊಲ ಮಾರಿಸುವಂತಿದ್ದರೆ ಸಾಲಗಾರನಿಗೆ ಅದು ಬೇಡ. ಬೇರೆ ಆದಾಯ ಇದ್ದವನಿಗೆ ಅದೇ ಪಂದ್ಯ ಸರಿಯಿರಬಹುದು.

ಈ ವಿದ್ಯೆ ನಮಗೆ ದೂರದ್ದೇನೂ ಅಲ್ಲ. ಜಗತ್ತಿನ ಬಹು ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಹುಟ್ಟಿದ್ದು ಹೊಳೆಯಾಚೆಯ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆ. ತೆಲುಗು ಮನೆಮಾತಿನ ಕುಟುಂಬ. ಓದಿದ್ದು ಆಂಧ್ರದಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ. ಮಹಾಲನೋಬಿಸರು 1931ರಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದರು. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ, 102ರ ವಯಸ್ಸಿನಲ್ಲಿ, ಅಮೆರಿಕದಲ್ಲಿ ತೀರಿಕೊಂಡರು. ರಾಣೇಬೆನ್ನೂರಿನ ಎಷ್ಟು ಶಾಲೆಗಳ ಗೋಡೆಯ ಮೇಲೆ ಅವರ ಚಿತ್ರ ಇದೆ ಎಂದು ನೆನೆದರೆ ಬೇಸರವಾಗುತ್ತದೆ.

1945ರಲ್ಲಿ ರಾವ್ ತೋರಿಸಿಕೊಟ್ಟ ಒಂದು ಸಂಗತಿ ಇಂದಿಗೂ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿನಲ್ಲಿದೆ. ಸರಳವಾಗಿ ಹೇಳಿದರೆ ಅದು ಹೀಗೆ: ಕೈಯಲ್ಲಿರುವ ಮಾಹಿತಿಯಿಂದ ಎಷ್ಟು ನಿಖರವಾಗಿ ಅಂದಾಜು ಮಾಡಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಯಾವ ಚಾಣಾಕ್ಷ ವಿಧಾನದಿಂದಲೂ, ಒಂದು ಕಡೆಗೆ ವಾಲದೆ, ಆ ಮಿತಿಯನ್ನು ದಾಟಲಾಗದು. ಹೆಚ್ಚು ನಿಖರತೆ ಬೇಕೆಂದರೆ ಹೆಚ್ಚು ಮಾಹಿತಿ ತರಬೇಕು. ರಾಣೇಬೆನ್ನೂರು ಸೀಮೆಯವರಿಗೆ ಇದನ್ನು ಬೀಜದ ಮೂಲಕ ತಿಳಿಯುವುದು ಸುಲಭ, ಏಕೆಂದರೆ ಇದು ಹೈಬ್ರಿಡ್ ಬೀಜೋತ್ಪಾದನೆಯ ನಾಡು.

ಬೀಜದ ಪ್ಯಾಕೆಟ್ಟಿನ ಚೀಟಿಯಲ್ಲಿ ಮೊಳಕೆಯ ಪ್ರಮಾಣ ಬರೆದಿರುತ್ತದೆ. ಹೈಬ್ರಿಡ್ ಗೋವಿನಜೋಳಕ್ಕೆ ಕನಿಷ್ಠ ಶೇ 90 ಇರಬೇಕು, ಮೆಣಸಿನಕಾಯಿಗೆ ಶೇ 60. ಅನುಮಾನ ಬಂದವರು ಮನೆಯಲ್ಲೇ ಪರೀಕ್ಷೆ ಮಾಡುತ್ತಾರೆ. ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟುತ್ತಾರೆ, ಎಂಟು ಮೊಳೆತರೆ ‘ಬೀಜ ಖರಾಬ್ ಐತಿ’ ಎಂದು ಅಂಗಡಿಗೆ ಹೋಗುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೀಜ ನಿಜವಾಗಿಯೂ ಶೇ 90ರದ್ದೇ ಆಗಿದ್ದರೂ ಹತ್ತು ಕಾಳಿನ ಪರೀಕ್ಷೆಯಲ್ಲಿ ಎಂಟೋ ಅದಕ್ಕಿಂತ ಕಡಿಮೆಯೋ ಮೊಳೆಯುವುದು ಸುಮಾರು ನಾಲ್ಕು ಸಲಕ್ಕೆ ಒಂದು ಸಲ ಆಗಿಯೇ ಆಗುತ್ತದೆ. ಅದು ಬೀಜದ ದೋಷವಲ್ಲ, ಸಣ್ಣ ಲೆಕ್ಕದ ಏರಿಳಿತ. ಅದೇ ನೂರು ಕಾಳು ಇಟ್ಟು ಎಂಬತ್ತೋ ಅದಕ್ಕಿಂತ ಕಡಿಮೆಯೋ ಮೊಳೆತರೆ ಮಾತು ಬೇರೆ. ಶೇ 90ರ ಬೀಜದಲ್ಲಿ ಹಾಗಾಗುವುದು ಸಾವಿರ ಸಲಕ್ಕೆ ಎರಡು ಸಲ. ಆಗ ಅಂಗಡಿಗೆ ಹೋಗಿ ಕೇಳುವ ಹಕ್ಕು ನಿಮ್ಮ ಕೈಯಲ್ಲಿ ಗಟ್ಟಿಯಾಗಿರುತ್ತದೆ. ಹತ್ತರಲ್ಲಿ ಎಂಟು, ನೂರರಲ್ಲಿ ಎಂಬತ್ತು: ಶೇಕಡಾವಾರು ಎರಡೂ ಒಂದೇ, ಸಾಕ್ಷಿಯ ಬಲ ಒಂದೇ ಅಲ್ಲ. ಯಾರಾದರೂ ‘ಶೇ 80’ ಎಂದರೆ ಎಷ್ಟರಲ್ಲಿ ಎಂದು ಕೇಳಬೇಕಾದದ್ದು ಈ ಕಾರಣಕ್ಕೆ.

ಆ ನೂರು ಕಾಳನ್ನು ಎಲ್ಲಿಂದ ತೆಗೆದಿರಿ ಎಂಬುದೂ ಅಷ್ಟೇ ಮುಖ್ಯ. ಅನ್ನ ಬೆಂದಿತೋ ಇಲ್ಲವೋ ನೋಡಲು ಒಂದಗುಳು ಹಿಚುಕಿದರೆ ಸಾಕು, ನಿಜ. ಆದರೆ ಕುದಿಯುವ ಗಡಿಗೆಯಲ್ಲಿ ಅಗುಳು ತಾನೇ ತಿರುಗುತ್ತಿರುತ್ತದೆ, ಚೀಲದಲ್ಲಿ ಕಾಳು ತಿರುಗುವುದಿಲ್ಲ. ಮೇಲೆ, ನಡುವೆ, ತಳದಲ್ಲಿ, ಮೂಲೆಯಲ್ಲಿ ಎಲ್ಲ ಕಡೆಯಿಂದ ತೆಗೆದು ಬೆರೆಸಿ, ಒಳ್ಳೆಯದನ್ನು ಆರಿಸದೆ ಎಣಿಸಬೇಕು. ನಮ್ಮ ಕೈ ತಿಳಿಯದೆಯೇ ದುಂಡನೆಯ ಕಾಳಿನ ಕಡೆಗೆ ಹೋಗುತ್ತದೆ.

ಕೈಗೆ ಆರಿಸುವ ಅವಕಾಶವನ್ನೇ ಕೊಡಬಾರದು ಎಂಬ ಈ ತತ್ವದ ಮೇಲೆ ನಮ್ಮ ಬೆಳೆ ವಿಮೆ ನಿಂತಿದೆ. ಫಸಲ್ ಬಿಮಾ ಯೋಜನೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಕೇಳುವ ದೂರು ಒಂದೇ: ‘ನನ್ನ ಹೊಲ ಪೂರಾ ಹೋತು, ವಿಮಾ ಬರಲಿಲ್ಲ, ಬಾಜೂ ಊರಾಗ ಬೆಳಿ ಚಲೋ ಇದ್ದವ್ರಿಗೂ ಬಂತು.’ ಇದರಲ್ಲಿ ಕೆಲವು ಸಲ ನಿಜವಾದ ಅನ್ಯಾಯ ಇರುತ್ತದೆ, ಬಹಳ ಸಲ ಯೋಜನೆಯ ಲೆಕ್ಕವನ್ನು ಯಾರೂ ಕೂತು ವಿವರಿಸಿರುವುದಿಲ್ಲ. ಮುಖ್ಯ ಬೆಳೆಗಳಿಗೆ ವಿಮೆಯ ಘಟಕ ಗ್ರಾಮ ಪಂಚಾಯಿತಿ. ಪರಿಹಾರ ನಿರ್ಧಾರವಾಗುವುದು ನಿಮ್ಮ ಹೊಲದ ಇಳುವರಿಯಿಂದಲ್ಲ, ಪಂಚಾಯಿತಿಯ ಸರಾಸರಿ ಇಳುವರಿಯಿಂದ. ಎಲ್ಲರ ಹೊಲ ಅಳೆಯಲಾಗದ್ದರಿಂದ ಒಂದು ಬೆಳೆಗೆ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಯಾವ ಸರ್ವೆ ನಂಬರು, ಹೊಲದ ಯಾವ ಜಾಗ ಎಂಬುದನ್ನು ಅಧಿಕಾರಿ ಆರಿಸುವಂತಿಲ್ಲ. ಯಾದೃಚ್ಛಿಕ ಸಂಖ್ಯೆಗಳು ಆರಿಸುತ್ತವೆ. ಬಹಳಷ್ಟು ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು. ಮಹಾಲನೋಬಿಸರು ಬಂಗಾಳದ ಸೆಣಬಿನ ಹೊಲಗಳಲ್ಲಿ, ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಅವರು ಆಹಾರ ಬೆಳೆಗಳಲ್ಲಿ ಬೆಳೆಸಿದ ವಿಧಾನ ಇದು.

ಆ ತಾಕಿನ ಲೆಕ್ಕವನ್ನು ಪ್ರತಿ ರೈತನೂ ತಿಳಿದಿರಬೇಕು. 25 ಚದರ ಮೀಟರಿನ ಸುಮಾರು 160 ತಾಕು ಸೇರಿದರೆ ಒಂದು ಎಕರೆ. ತಾಕಿನಲ್ಲಿ 10 ಕಿಲೋ ಕಾಳು ಬಂದರೆ ಎಕರೆಗೆ 16 ಕ್ವಿಂಟಲ್ ಎಂದು ಬರೆಯುತ್ತಾರೆ. ತೂಕದಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆಯಾದರೆ ಎಕರೆಗೆ 80 ಕಿಲೋ ಹೆಚ್ಚುಕಡಿಮೆಯಾಯಿತು. ಆದ್ದರಿಂದ ನಿಮ್ಮೂರಿನಲ್ಲಿ ಕಟಾವು ಪ್ರಯೋಗ ಇದೆ ಎಂದು ಗೊತ್ತಾದರೆ ಹೋಗಿ ನಿಲ್ಲಿ. ಹಗ್ಗ ಹಿಡಿಯುವುದನ್ನು, ತೂಗುವುದನ್ನು ನೋಡಿ. ಜಗಳಕ್ಕಲ್ಲ, ಲೆಕ್ಕ ಸರಿಯಾಗಿರಲಿ ಎಂದು.

ಇನ್ನು ಹೋಲಿಕೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು, ಅದರ ನಿಗದಿತ ಪಾಲನ್ನು ಮಿತಿ ಇಳುವರಿ ಎಂದು ಇಟ್ಟುಕೊಳ್ಳುತ್ತಾರೆ. ಮತ್ತೆ ಉದಾಹರಣೆಗಾಗಿ ಕಟ್ಟಿದ ಅಂಕಿಗಳು: ಎಕರೆಗೆ 20, 18, 6, 22, 15, 9, 19 ಕ್ವಿಂಟಲ್. ಬರದ ಎರಡು ವರ್ಷ, ಅಂದರೆ 6 ಮತ್ತು 9, ಬಿಟ್ಟುಹೋಗುತ್ತವೆ. ಉಳಿದವುಗಳ ಸರಾಸರಿ 18.8. ಅದರ ಶೇ 80 ಎಂದರೆ ಸುಮಾರು 15. ಈ ವರ್ಷ ಪಂಚಾಯಿತಿಯ ಸರಾಸರಿ 12 ಬಂದರೆ ಕೊರತೆ 3, ಅಂದರೆ 15ರಲ್ಲಿ ಐದನೆಯ ಒಂದು ಪಾಲು. ವಿಮಾ ಮೊತ್ತದ ಶೇ 20 ಎಲ್ಲ ವಿಮೆದಾರರಿಗೂ ಬರುತ್ತದೆ, ಬೆಳೆ ಚೆನ್ನಾಗಿದ್ದವನಿಗೂ. ಸರಾಸರಿ 16 ಬಂದರೆ ಯಾರಿಗೂ ಇಲ್ಲ, ಹೊಲ ಪೂರ್ತಿ ಒಣಗಿದವನಿಗೂ. ಆಲಿಕಲ್ಲು ಮಳೆಯಂಥ, ಒಂದೇ ಕಡೆ ಹೊಡೆಯುವ ಹಾನಿಗೆ ಹೊಲವಾರು ಪರಿಹಾರವಿದೆ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು.

ಈ ಪದ್ಧತಿಯ ದುರ್ಬಲ ಜಾಗವನ್ನೂ ಸಂಖ್ಯಾಶಾಸ್ತ್ರವೇ ತೋರಿಸುತ್ತದೆ. ಅಳತೆಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಅಂದಾಜಿನ ಅಲುಗಾಟ ಅರ್ಧಕ್ಕೆ ಇಳಿಯುತ್ತದೆ. ಒಂದು ತಾಕಿನ ಬದಲು ನಾಲ್ಕು ಅಳೆದದ್ದರಿಂದ ಅರ್ಧ ಇಳಿಯಿತು. ಇನ್ನೂ ಅರ್ಧ ಇಳಿಯಬೇಕೆಂದರೆ ಹದಿನಾರು ಬೇಕು. ಎರೆ ಹೊಲ, ಮಸಾರಿ ಹೊಲ, ನೀರಾವರಿ, ಮಳೆಯಾಶ್ರಿತ ಎಲ್ಲ ಬೆರೆತ ಪಂಚಾಯಿತಿಗೆ ನಾಲ್ಕು ಕಡಿಮೆ ಎಂಬುದು ನನ್ನ ಅಭಿಪ್ರಾಯ. ರೈತ ಸಂಘಟನೆಗಳು ‘ವಿಮೆ ಕೊಡಿ’ ಎನ್ನುವ ಜೊತೆಗೆ ‘ತಾಕುಗಳ ಸಂಖ್ಯೆ ಹೆಚ್ಚಿಸಿ, ತೂಕದ ಪಟ್ಟಿಯನ್ನು ಪಂಚಾಯಿತಿಯಲ್ಲಿ ಅಂಟಿಸಿ’ ಎಂದು ಕೇಳಿದರೆ ಆ ಬೇಡಿಕೆಯನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಬೋರಿನ ವಿಷಯಕ್ಕೆ ಬರೋಣ. ಮನೆ ಮುಳುಗಿಸುವ ಸಾಲಗಳಲ್ಲಿ ಇದು ದೊಡ್ಡದು. ತೆಂಗಿನಕಾಯಿಯನ್ನೋ ಕವಲು ಕಡ್ಡಿಯನ್ನೋ ಹಿಡಿದು ಪಾಯಿಂಟ್ ತೋರಿಸುವವರನ್ನು ಕರೆಸುವುದು ರೂಢಿ. ‘ಅವ್ರು ತೋರಿಸಿದಲ್ಲಿ ಮೂರಿಂಚು ನೀರು ಬಿತ್ತು’ ಎಂಬ ಸುದ್ದಿ ಊರಿಂದೂರಿಗೆ ಹೋಗುತ್ತದೆ. ನೀರು ಬಿದ್ದ ಬೋರಿನ ಸುತ್ತ ಅಡಿಕೆಯೋ ಬಾಳೆಯೋ ಎದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ. ಬೀಳದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಮರೆತುಬಿಡುತ್ತೇವೆ. ಕಣ್ಣಿಗೆ ಕಾಣುವುದನ್ನಷ್ಟೇ ಎಣಿಸಿದರೆ ಎಲ್ಲರೂ ಗೆದ್ದಂತೆಯೇ ತೋರುತ್ತದೆ.

ಊರಿನಲ್ಲಿ ಹಿಂದಿನ ವರ್ಷಗಳಲ್ಲಿ 40 ಬೋರು ಹೊಡೆಸಿದ್ದಾರೆ ಎಂದುಕೊಳ್ಳಿ. 24 ಪಾಯಿಂಟ್ ತೋರಿಸಿಕೊಂಡವು, ಅವುಗಳಲ್ಲಿ 15ಕ್ಕೆ ನೀರು ಬಿತ್ತು. ಹದಿನೈದು ಎಂಬುದು ದೊಡ್ಡ ಸಂಖ್ಯೆ. ಆದರೆ ತೋರಿಸಿಕೊಳ್ಳದೆ ಹೊಡೆಸಿದ 16ರಲ್ಲಿ 10ಕ್ಕೆ ನೀರು ಬಿದ್ದಿದ್ದರೆ? 24ರಲ್ಲಿ 15, 16ರಲ್ಲಿ 10, ಎರಡೂ ನೂರಕ್ಕೆ ಅರವತ್ತೆರಡೂವರೆ. ಅಂದರೆ ಆ ಊರಿನ ನೆಲದಲ್ಲೇ ಅಷ್ಟು ನೀರಿದೆ. ತೋರಿಸಿದವರಿಂದ ಏನೂ ಹೆಚ್ಚಾಗಲಿಲ್ಲ. ಯಾರನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. ನಾಲ್ಕು ಸಂಖ್ಯೆ ಬೇಕು: ತೋರಿಸಿಕೊಂಡು ಗೆದ್ದವರು, ಸೋತವರು, ತೋರಿಸಿಕೊಳ್ಳದೆ ಗೆದ್ದವರು, ಸೋತವರು. ಮೂರು ಸಂಖ್ಯೆ ಬಿಟ್ಟು ಒಂದನ್ನೇ ಹೇಳುವ ಯಾವ ಮಾತಿನ ಮೇಲೂ ಲಕ್ಷ ರೂಪಾಯಿ ಇಡಬಾರದು.

ಟಾನಿಕ್, ಸ್ಪ್ರೇ, ಹೊಸ ಗೊಬ್ಬರಗಳ ಜಾಹೀರಾತಿಗೂ ಇದೇ ಮಾತು ಸಲ್ಲುತ್ತದೆ. ಬೆಳೆ ಕೈಕೊಟ್ಟ ಮರುವರ್ಷವೇ ನಾವು ಹೊಸದನ್ನು ಕೊಳ್ಳುವುದು. ತೀರಾ ಕೆಟ್ಟ ವರ್ಷದ ನಂತರ ಬರುವ ವರ್ಷ, ಏನೂ ಮಾಡದಿದ್ದರೂ, ಬಹುತೇಕ ಅದಕ್ಕಿಂತ ಉತ್ತಮವಾಗಿಯೇ ಇರುತ್ತದೆ. ಕೀರ್ತಿ ಮಾತ್ರ ಬಾಟಲಿಗೆ ಹೋಗುತ್ತದೆ. ದಾರಿ ಸುಲಭ. ಹೊಲದ ನಡುವೆ ನಾಲ್ಕಾರು ಸಾಲುಗಳನ್ನು ಸಿಂಪಡಿಸದೆ ಬಿಡಿ, ಬೇರೆ ತೂಗಿ. ಒಂದೇ ಪಟ್ಟಿಯಲ್ಲಿ ಅಲ್ಲ, ಎರಡು ಮೂರು ಕಡೆ ಬಿಡಿ, ನೆಲದ ಗುಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಸಿ. ಆರ್. ರಾವ್ ಅವರ ಗುರು ಆರ್. ಎ. ಫಿಷರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ ಕಟ್ಟಿದ ಶಾಸ್ತ್ರ ಇದೇ. ಇಂದು ಆಸ್ಪತ್ರೆಯ ಔಷಧಗಳನ್ನೂ ಅದೇ ಬಗೆಯಲ್ಲಿ ಪರೀಕ್ಷಿಸುತ್ತಾರೆ. ಹೇಗೆ ಸಾಲು ಬಿಡಬೇಕೆಂದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.

ಮಳೆಯ ಬಗ್ಗೆ ಒಂದೆರಡು ಮಾತು. ಹವಾಮಾನ ಇಲಾಖೆ ‘ವಾಡಿಕೆ ಮುಂಗಾರು’ ಎಂದಾಗ ಅದು ದೇಶದ ಸರಾಸರಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 87 ಸೆಂಟಿಮೀಟರಿನ ಶೇ 96ರಿಂದ 104. ಅದರಿಂದ ಮೇಡ್ಲೇರಿಯ ಹೊಲಕ್ಕೆ ಏನೂ ತಿಳಿಯದು. ನಮ್ಮದೇ ಜಿಲ್ಲೆಯಲ್ಲಿ ಹಾನಗಲ್ಲಿನ ಮಳೆ ಬೇರೆ, ರಾಣೇಬೆನ್ನೂರಿನದು ಬೇರೆ. ದೇವರಗುಡ್ಡದ, ಮೈಲಾರದ ಕಾರ್ಣಿಕದ ಭವಿಷ್ಯನುಡಿಯನ್ನು ಕೇಳುವುದು ಭಕ್ತಿಯ ವಿಷಯ, ಅದನ್ನು ಅಲ್ಲೇ ಗೌರವದಿಂದ ಇಡೋಣ. ‘ಮಳೆ ಸಾಧ್ಯತೆ ಶೇ 60’ ಎಂಬುದು ಎಣಿಕೆಯ ವಿಷಯ: ಅಂಥ ಹತ್ತು ದಿನಗಳಲ್ಲಿ ಸುಮಾರು ಆರು ದಿನ ಮಳೆ, ನಾಲ್ಕು ದಿನ ಇಲ್ಲ. ಒಂದು ದಿನ ಬರಲಿಲ್ಲವೆಂದು ಮುನ್ಸೂಚನೆ ಸುಳ್ಳಾಗದು, ಒಂದು ದಿನ ಬಂತೆಂದು ನಿಜವೂ ಆಗದು. ಪಂಚಾಯಿತಿಗಳಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ರೋಹಿಣಿಯಿಂದ ಸ್ವಾತಿಯವರೆಗೆ ಮಳೆ ನಕ್ಷತ್ರವಾರು ಆ ಅಂಕಿಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ, ಐದಾರು ವರ್ಷಗಳಲ್ಲಿ ಬಿತ್ತನೆಯ ದಿನ ಗೊತ್ತುಮಾಡಲು ನಿಮ್ಮ ಊರಿನದೇ ಆಧಾರ ಸಿಗುತ್ತದೆ.

ಇದನ್ನು ಕಲಿಸಲು ಹೊಸ ಪಠ್ಯ ಬೇಕಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಸಂಖ್ಯಾಶಾಸ್ತ್ರ, ಸಂಭವನೀಯತೆ ಎರಡೂ ಅಧ್ಯಾಯಗಳಿವೆ. ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಅದೇ ಮನೆಯಲ್ಲಿ ಅಪ್ಪ ಗರಿಷ್ಠ ದರ ನಂಬಿ ಸಾಲ ಮಾಡುತ್ತಾನೆ. ಈ ಎರಡರ ನಡುವಿನ ಅಂತರ ಒಂದು ಕರಿಹಲಗೆಯಷ್ಟು.

ಜೂನ್ 29, ಮಹಾಲನೋಬಿಸರ ಜನ್ಮದಿನ, ದೇಶದ ಸಂಖ್ಯಾಶಾಸ್ತ್ರ ದಿನ. ಬಿತ್ತನೆಯ ಕಾಲವೂ ಅದೇ. ಮೇಡ್ಲೇರಿ, ರಾಣೇಬೆನ್ನೂರು, ಬ್ಯಾಡಗಿ ಭಾಗದ ಪ್ರೌಢಶಾಲೆಗಳ ಗಣಿತ ಶಿಕ್ಷಕರಲ್ಲಿ ನನ್ನ ವಿನಂತಿ: ಆ ದಿನ ಪ್ರತಿ ಮಗುವಿಗೂ ಮನೆಯ ಬೀಜದ ಚೀಲದಿಂದ ನೂರು ಗೋವಿನಜೋಳದ ಕಾಳು ಆರಿಸದೆ ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಡಲು ಹೇಳಿ. ನಾಲ್ಕನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ಮೊಳಕೆ ಎಣಿಸಲಿ. ತರಗತಿಯ ಎಲ್ಲರ ಅಂಕಿಗಳನ್ನೂ ಹಲಗೆಯ ಮೇಲೆ ಸಾಲಾಗಿ ಬರೆಸಿ, ಸರಾಸರಿ, ಮಧ್ಯಾಂಕ ತೆಗೆಸಿ, ಆ ಪಟ್ಟಿಯನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ.